ಬೀನ್ಸಿಗೆ ನಾನು ಅವರೆ ಅಂದೆ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ ನನಗೇ ಗೊತ್ತಿಲ್ಲ. ಹೆಂಡತಿ ಇದ್ದಾಗ ಅವಳಿಗಾದರೂ ಹೇಳೋಣ ಅಂದುಕೊಂಡೆ, ಹೇಳಲಿಲ್ಲ. ಮಿಲ್ಲಿನ ತಮಾಷೆಗಳನ್ನೆಲ್ಲ ಮಕ್ಕಳಿಗೆ ಹೇಳಿದ್ದೇನೆ. ದೊರೆಯ ಬ್ರೆಡ್ಡಿನ ಕಥೆ ಮೊಮ್ಮಕ್ಕಳಿಗೂ ಬಾಯಿಪಾಠ. ಆ ಕಥೆಗಳ ಮಗ್ಗುಲಲ್ಲೇ ಇರುವ ಇದೊಂದನ್ನು ಮಾತ್ರ ಪ್ರತಿ ಸಲವೂ ದಾಟಿಕೊಂಡು ಹೋಗುತ್ತಿದ್ದೆ. ಈಗ ವಯಸ್ಸಾಗಿ ಅಕ್ಷರ ಕೆಡುತ್ತಿದೆ. ಬರೆದದ್ದನ್ನು ಇನ್ನೊಬ್ಬರು ಓದುವ ಹಾಗಿರುವಾಗಲೇ ಬರೆದು ಮುಗಿಸುತ್ತೇನೆ.

ಐವತ್ತರ ದಶಕದ ನಡುವಿನ ಮಾತು. ಮಾಗಡಿ ರಸ್ತೆಯ ಕಡೆ ಒಂದು ನೇಯ್ಗೆ ಮಿಲ್ಲಿತ್ತು. ಊರಿಗೆಲ್ಲ ಗೊತ್ತಿದ್ದ ದೊಡ್ಡ ಮಿಲ್ಲುಗಳ ಪೈಕಿಯದಲ್ಲ, ಸಣ್ಣದು. ಈಗ ಅದರ ಗೋಡೆಯೂ ಉಳಿದಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಅಲ್ಲಿ ನೇಯ್ಗೆ ವಿಭಾಗದ ಗುಮಾಸ್ತನಾಗಿ ಸೇರಿದ್ದೆ. ಬಿನ್ನಿಪೇಟೆಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಭಾವ ಅದೇ ಮಿಲ್ಲಿನಲ್ಲಿ ನೇಕಾರ.

ಆ ವರ್ಷ ಮಿಲ್ಲಿನವರು ವಿಲಾಯಿತಿಯಿಂದ ಹೊಸ ಮಗ್ಗಗಳನ್ನು ತರಿಸಿದರು. ನೂಲು ಮುಗಿದರೆ ಕೈ ಹಾಕಬೇಕಿರಲಿಲ್ಲ, ಮಗ್ಗ ತಾನೇ ಹೊಸ ನೂಲು ತುಂಬಿಕೊಳ್ಳುತ್ತಿತ್ತು. ಅವನ್ನು ಕೂರಿಸಿ ನಮ್ಮವರಿಗೆ ಕಲಿಸಲು ಒಬ್ಬ ಇಂಗ್ಲಿಷ್ ಮಾಸ್ಟರು ಬಂದರು. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷವಾಗಿದ್ದರೂ ಕೆಲಸಗಾರರು ಅವರನ್ನು ದೊರೆ ಎಂದೇ ಕರೆದರು. ದೊರೆಗೆ ಕನ್ನಡ ಬಾರದು, ನೇಕಾರರಿಗೆ ಇಂಗ್ಲಿಷ್ ಬಾರದು. ಇಂಗ್ಲಿಷಿನಲ್ಲಿ ನನಗೆ ಒಳ್ಳೆಯ ಮಾರ್ಕು ಬಂದಿದ್ದನ್ನು ನೋಡಿ ಮ್ಯಾನೇಜರು ನನ್ನನ್ನು ಅವರ ಹಿಂದೆ ನಿಲ್ಲಿಸಿದರು.

ಎರಡನೇ ದಿನವೇ ನನ್ನ ಮಾರ್ಕಿನ ಬೆಲೆ ಗೊತ್ತಾಯಿತು. ಸ್ಕೂಲಿನಲ್ಲಿ ನಾನು ಕಲಿತ ಇಂಗ್ಲಿಷಿನಲ್ಲಿ ಯಾರೂ ಊಟ ಮಾಡುತ್ತಿರಲಿಲ್ಲ. ಈ ದೊರೆಯ ಬಾಯಲ್ಲಿ ಬರೀ ತಿನ್ನುವ ಪದಾರ್ಥ. ಒಬ್ಬ ನೇಕಾರ ನೂಲಿನ ಎಳೆಯನ್ನು ಮಗ್ಗದ ತಪ್ಪು ಕಣ್ಣಿಗೆ ಪೋಣಿಸಿದ. ದೊರೆ ನನ್ನ ಕಡೆ ತಿರುಗಿ, "ಟೆಲ್ ಹಿಮ್ ಟು ಯೂಸ್ ಹಿಸ್ ಲೋಫ್" ಎಂದರು. ಲೋಫ್ ಅಂದರೆ ಇಡೀ ಬ್ರೆಡ್ಡು ಎಂದು ಓದಿದ್ದೆ.

"ಬ್ರೆಡ್ ಉಪಯೋಗಿಸ್ಬೇಕಂತೆ," ಅಂದೆ.

"ಎಲ್ಲಿಗೆ?" ಅಂದ ಅವನು.

"ಅದೇನೋ ನಂಗೂ ಗೊತ್ತಿಲ್ಲ. ದೊರೆ ಹೇಳ್ತಾವ್ರೆ."

ಮಾರನೆಯ ದಿನ ಅವನು ಬೇಕರಿಯಿಂದ ಒಂದು ಬ್ರೆಡ್ಡು ತಂದು, ಇದರಿಂದ ಮಗ್ಗದ ಯಾವ ಭಾಗ ಉಜ್ಜಬೇಕು ಎಂದು ದೊರೆಯ ಮುಂದೆ ನಿಂತ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ದೊರೆ ನಕ್ಕು ನಕ್ಕು ಅಲ್ಲೇ ನೂಲಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಆಮೇಲೆ ಬೆರಳಿಂದ ತಮ್ಮ ತಲೆ ತಟ್ಟಿ ತೋರಿಸಿದರು. ಅವರ ಕಡೆ ಲೋಫ್ ಅಂದರೆ ತಲೆ. ತಲೆ ಓಡಿಸು ಅಂತ ಹೇಳಿದ್ದರು.

ಇನ್ನೊಂದು ದಿನ ಕಸ ಗುಡಿಸುವ ಮುದುಕಿ ಚುರುಕಾಗಿ ಓಡಾಡುವುದನ್ನು ನೋಡಿ ಆಕೆ 'ಫುಲ್ ಆಫ್ ಬೀನ್ಸ್' ಎಂದರು. ಹೇಳು ಆಕೆಗೆ ಅಂತ ನನ್ನ ಭುಜ ತಟ್ಟಿದರು. ಬೀನ್ಸ್ ಅಂದರೆ ಹುರುಳಿಕಾಯಿ. ನಮ್ಮ ಪೇಟೆಯಲ್ಲಿ ತರಕಾರಿ ಮಾರುವವರೂ ಆ ಕಾಯಿಗೆ ಬೀನ್ಸ್ ಎನ್ನುತ್ತಿದ್ದರು.

"ಅಜ್ಜಿ, ನೀನು ಹೊಟ್ಟೆ ತುಂಬ ಹುರುಳಿಕಾಯಿ ತಿಂದಿದೀಯ ಅಂತಾರೆ ದೊರೆ."

"ನಂಗೆಲ್ಲಿಂದ ಬರ್ಬೇಕಪ್ಪ ಹುರುಳಿಕಾಯಿ? ತಂಗಳು ಮುದ್ದೆ, ಮಜ್ಜಿಗೆ ಕುಡ್ಕೊಂಡ್ ಬಂದಿದೀನಿ. ಯಾರು ಚಾಡಿ ಹೇಳಿದ್ದು ದೊರೆಗೆ?"

ಚುರುಕಾಗಿದ್ದೀಯ ಎಂದು ಹೊಗಳಿದ್ದು ಅದು. ಮುದುಕಿ ಒಂದು ವಾರ ನನ್ನ ಮೇಜಿನ ಕೆಳಗೆ ಗುಡಿಸಲಿಲ್ಲ.

ಹೀಗಾದರೆ ಕೆಲಸ ಉಳಿಯುವುದಿಲ್ಲ ಅನ್ನಿಸಿ ಒಂದು ನೋಟುಬುಕ್ಕು ತೆಗೆದುಕೊಂಡೆ. ಒಂದು ಪುಟಕ್ಕೆ ಒಂದೇ ಮಾತು. ಮೇಲೆ ಆ ಮಾತನ್ನು ಕೇಳಿಸಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೆ. ಕೆಳಗೆ, ಯಾರಿಗೆ ಹೇಳಿದರು, ಮುಖ ಹೇಗಿತ್ತು, ಅದಕ್ಕೆ ಮುಂಚೆ ಏನಾಗಿತ್ತು, ಹೇಳಿದ ಮೇಲೆ ಏನು ಮಾಡಿದರು. ಕೊನೆಯಲ್ಲಿ ನನ್ನ ಊಹೆ. ಊಹೆಯನ್ನು ತೂಗಿ ನೋಡಲು ನನಗೊಬ್ಬ ಗುರು ಸಿಕ್ಕ. ದೊರೆಯ ಬಂಗಲೆಯ ಬಟ್ಲರು. ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯವನು, ತಮಿಳಿನವನು, ಮೂರು ದೊರೆಗಳ ಮನೆಯಲ್ಲಿ ಅಡುಗೆ ಮಾಡಿದವನು. ಕಾಗದ ಕೊಡಲು ಬಂಗಲೆಗೆ ಹೋದಾಗ ಹಿತ್ತಿಲ ಮೆಟ್ಟಿಲ ಮೇಲೆ ಕೂತು ನೋಟುಬುಕ್ಕು ತೆಗೆಯುತ್ತಿದ್ದೆ.

"ಇವರಿಗೆ ಮನಸ್ಸಲ್ಲಿ ಇರೋದೆಲ್ಲ ಅಡುಗೆ ಮನೆಯಿಂದ ಬರ್ತದೆ ತಂಬಿ," ಎನ್ನುತ್ತಿದ್ದ. "ಅಡುಗೆಯವನನ್ನ ಕೇಳದೆ ಮೇಷ್ಟ್ರನ್ನ ಕೇಳಿದ್ರೆ ಏನ್ ಗೊತ್ತಾಗ್ತದೆ?"

ಅವನಿಂದ ಗೊತ್ತಾಯಿತು, 'ಬಟರ್ ಫಿಂಗರ್ಸ್' ಅಂದರೆ ಕೈಯಲ್ಲಿ ಏನೂ ನಿಲ್ಲದವನು. ಕೆಲಸ 'ಪೀಸ್ ಆಫ್ ಕೇಕ್' ಅಂದರೆ ಸಲೀಸು. ಕೆಲವು ಮಾತು ನಮ್ಮಲ್ಲೂ ಹಾಗೇ ಇದ್ದವು. ಅವರು ಬೆಣ್ಣೆ ಹಚ್ಚುವುದು, ನಾವು ಬೆಣ್ಣೆ ಹಚ್ಚುವುದು ಒಂದೇ. ಉಳಿದವುಗಳಲ್ಲಿ ತಿಂಡಿಯನ್ನು ಅಲ್ಲೇ ಬಿಟ್ಟು ಅರ್ಥವನ್ನು ಮಾತ್ರ ಕನ್ನಡಕ್ಕೆ ತರಬೇಕು ಎಂಬುದನ್ನು ಕಲಿತೆ. ಮೂರು ತಿಂಗಳಲ್ಲಿ ನಾನು ತಪ್ಪುವುದು ನಿಂತಿತು. ಜನ ನನ್ನನ್ನು ಇಂಗ್ಲಿಷ್ ಗುಮಾಸ್ತ ಎಂದು ಕರೆಯತೊಡಗಿದರು. ನನಗೆ ಹೆಮ್ಮೆಯಿತ್ತು.

ಒಂದು ಮಧ್ಯಾಹ್ನ ಬಟ್ಲರು ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ದೊರೆಸಾನಿಯ ಹುಟ್ಟುಹಬ್ಬಕ್ಕೆ ಗುಟ್ಟಾಗಿ ಕೇಕು ಮಾಡಲು ದೊರೆ ಹೇಳಿದ್ದರಂತೆ. ಇವನು ಬಾಯಿ ತಪ್ಪಿ ಆಕೆಯ ಮುಂದೆಯೇ ಹೇಳಿಬಿಟ್ಟಿದ್ದ.

"ದೊರೆ ಏನಂದ್ರು ಗೊತ್ತಾ? ಯು ಹ್ಯಾವ್ ಸ್ಪಿಲ್ಟ್ ದಿ ಬೀನ್ಸ್ ಅಂದ್ರು. ಬೀನ್ಸ್ ಚೆಲ್ಲಿಬಿಟ್ಟೆ ಅಂತ. ಗುಟ್ಟು ಹೊರಗೆ ಹಾಕಿದವನಿಗೆ ಹಂಗೆ ಅನ್ನೋದು. ಬರ್ಕೋ ತಂಬಿ, ಇದೂ ಒಂದು ಇರಲಿ."

ಬರೆದುಕೊಂಡೆ. ಗುಟ್ಟು ಬಿಟ್ಟುಕೊಡುವುದು ಎಂದು ಅರ್ಥವನ್ನೂ ಬರೆದೆ. ಮುಂದಿನದನ್ನು ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಆ ಮಾತಿನ ಅರ್ಥ ನನಗೆ ಗೊತ್ತಿತ್ತು.

ಈಗ ಮೇಸ್ತ್ರಿಯ ವಿಷಯ. ಮಿಲ್ಲಿನ ಕಾಗದಗಳಲ್ಲಿ ಅವರಿಗೆ ಲೈನ್ ಜಾಬರ್ ಎಂದಿತ್ತು. ಒಂದು ಸಾಲು ಮಗ್ಗಗಳನ್ನೂ ಅವುಗಳ ನೇಕಾರರನ್ನೂ ನೋಡಿಕೊಳ್ಳುವ ಕೆಲಸ. ಹೆಗ್ಗನಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು. ರುಜು ಹಾಕುವಷ್ಟು ಅಕ್ಷರ ಗೊತ್ತಿತ್ತು, ಅಷ್ಟೆ. ಆದರೆ ಇಡೀ ಶೆಡ್ಡು ಗಡಗಡ ಎನ್ನುತ್ತಿರುವಾಗ ಬಾಗಿಲಲ್ಲಿ ನಿಂತು, "ಮೂರನೇ ಸಾಲಲ್ಲಿ ಕೊನೇ ಮಗ್ಗದ ಲಾಳಿ ಬಡೀತಾ ಐತೆ ನೋಡು" ಎನ್ನುತ್ತಿದ್ದರು. ಹೋಗಿ ನೋಡಿದರೆ ಬಡಿಯುತ್ತಲೇ ಇರುತ್ತಿತ್ತು. ಹೊಸ ಮಗ್ಗದ ಶಬ್ದವನ್ನೂ ಅವರು ಎರಡೇ ವಾರದಲ್ಲಿ ಕಲಿತರು. ದೊರೆಗೆ ಅವರೆಂದರೆ ಬಹಳ ಇಷ್ಟ. ಒಂದು ದಿನ ಅವರನ್ನು ತೋರಿಸಿ, 'ಹಿ ನೋಸ್ ಹಿಸ್ ಆನಿಯನ್ಸ್' ಎಂದರು. ಕೆಲಸ ಬಲ್ಲವನು ಎಂದು ಆ ಹೊತ್ತಿಗೆ ನನಗೆ ತಿಳಿದಿತ್ತು. ಮೇಸ್ತ್ರಿಗೆ ಹಾಗೇ ಹೇಳಿದೆ. ಆದರೆ 'ತನ್ನ ಈರುಳ್ಳಿ ಬಲ್ಲವನು' ಎಂಬ ಮೂಲ ಮಾತನ್ನು ನಾನು ಬಿಡಿಸಿ ಹೇಳುವ ತನಕ ಅವರು ಬಿಡಲಿಲ್ಲ.

"ಈರುಳ್ಳಿ ಅಂತ ಬೈದ್ರೂ ಹೊಗಳಿದಂಗೇನಾ? ಮನೇಲಿ ಹೇಳ್ತೀನಿ ತಡಿ, ನಮ್ಮವಳು ದಿನಾ ಹಂಗೇ ಬೈತಾಳೆ," ಎಂದು ನಕ್ಕರು.

ಹೊಸ ಮಗ್ಗಗಳೆಲ್ಲದರ ಮೇಸ್ತ್ರಿಕೆ ಅವರಿಗೇ ಎಂದು ದೊರೆ ಹೇಳಿಯಾಗಿತ್ತು.

ಹೊಸ ಮಗ್ಗ ಬಂದರೆ ಕಡಿಮೆ ನೇಕಾರರು ಸಾಕು. ಹೆಚ್ಚಾದವರನ್ನು ಬದಲಿ ಪಟ್ಟಿಗೆ ಹಾಕುವುದೆಂದು ತೀರ್ಮಾನವಾಯಿತು. ಬದಲಿ ಅಂದರೆ ಬೆಳಿಗ್ಗೆ ಗೇಟಿನ ಮುಂದೆ ಬಂದು ನಿಲ್ಲುವುದು, ಯಾರಾದರೂ ಬರದಿದ್ದರೆ ಮಾತ್ರ ಅವತ್ತು ಕೆಲಸ. ಹೆಸರು ಆರಿಸಲು ದೊರೆ ಮೇಸ್ತ್ರಿಯನ್ನು ಕೂರಿಸಿಕೊಂಡರು. ನಡುವೆ ನಾನು. ಮೇಸ್ತ್ರಿ ಒಂದೊಂದು ಹೆಸರಿಗೂ ವಾದ ಮಾಡಿದರು. ಇವನ ಕೈ ಒಳ್ಳೇದು, ಅವನಿಗೆ ಕಲಿಸಿದರೆ ಕಲಿಯುತ್ತಾನೆ, ಇವನು ಹೋದರೆ ಮನೆಯಲ್ಲಿ ದುಡಿಯುವವರೇ ಇಲ್ಲ ಎಂದು ಹೇಳಿ ಹೇಳಿ ಇಪ್ಪತ್ತು ಹೆಸರನ್ನು ಹನ್ನೆರಡಕ್ಕೆ ಇಳಿಸಿದರು. ಉಳಿದ ಹನ್ನೆರಡರಲ್ಲಿ ನನ್ನ ಭಾವನ ಹೆಸರಿತ್ತು. ಪಟ್ಟಿಯನ್ನು ಬರೆದವನು ನಾನೇ. ತಿಂಗಳ ಕೊನೆಯವರೆಗೆ ಇದು ಮೂವರ ನಡುವೆಯೇ ಇರಬೇಕು ಎಂದರು ದೊರೆ. ನಾವಿಬ್ಬರೂ ಒಪ್ಪಿದೆವು.

ಅದು ಅವರೆಕಾಯಿಯ ಕಾಲ. ಮಾರನೆಯ ದಿನ ಬೆಳಿಗ್ಗೆ ಮೇಸ್ತ್ರಿ ಸೈಕಲ್ಲಿಗೆ ಒಂದು ಮೂಟೆ ಅವರೆಕಾಯಿ ಕಟ್ಟಿಕೊಂಡು ಬಂದರು. ಹೊಲದ್ದು, ಇಬ್ಬನಿ ಬಿದ್ದು ಸೊಗಡು ಏರಿದ್ದು. ವರ್ಷಕ್ಕೊಂದು ಸಲ ತಮ್ಮ ಸಾಲಿನವರಿಗೆಲ್ಲ ಹಂಚುವುದು ಅವರ ರೂಢಿ. ಶೆಡ್ಡಿನ ಬಾಗಿಲಲ್ಲಿ ಮೂಟೆ ಹರಿದು ಕಾಯಿ ಮಗ್ಗಗಳ ಕೆಳಗೆಲ್ಲ ಹರಡಿತು. ಎರಡು ಮಗ್ಗ ನಿಲ್ಲಿಸಿ ಆಯಬೇಕಾಯಿತು. ದೊರೆ ಆಗ ಅಲ್ಲಿರಲಿಲ್ಲ. ನಾನಿದ್ದೆ, ನಾನೂ ಆಯ್ದೆ.

ಅವತ್ತು ಸಂಜೆ ಅಕ್ಕ ಅದೇ ಕಾಯಿ ಬಿಡಿಸಿ ಸಾರು ಮಾಡಿದ್ದಳು. ಭಾವ ಊಟ ಮಾಡುತ್ತ, ಹೊಸ ಮಗ್ಗಕ್ಕೆ ತನ್ನನ್ನೂ ಹಾಕುತ್ತಾರೆ, ಮೇಸ್ತ್ರಿಗೆ ತನ್ನ ಕೈ ಗೊತ್ತು ಎಂದು ಖುಷಿಯಾಗಿ ಹೇಳುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಪಟ್ಟಿಯಲ್ಲಿ ನಿನ್ನ ಹೆಸರಿದೆ ಎಂದೆ. ಯಾರಿಗೂ ಹೇಳಬೇಡ ಎಂದೂ ಹೇಳಿದೆ.

ಮಾರನೆಯ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಇಡೀ ಶೆಡ್ಡು ನಿಂತಿತ್ತು. ಆ ಗಡಗಡ ಸದ್ದಿಲ್ಲದ ಶೆಡ್ಡನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹನ್ನೆರಡು ಹೆಸರೂ ಎಲ್ಲರ ಬಾಯಲ್ಲಿದ್ದವು. ಭಾವನಿಗೆ ನಾನು ಹನ್ನೆರಡನ್ನೂ ಹೇಳಿದ್ದೆ. ಹೆಸರು ಆರಿಸುವಾಗ ಮೇಸ್ತ್ರಿ ಕೂತಿದ್ದರೆಂಬುದನ್ನೂ ಹೇಳಿದ್ದೆ. ಮ್ಯಾನೇಜರು ಬಂದು, ಪಟ್ಟಿಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ ಎಂದು ಮಾತು ಕೊಟ್ಟ ಮೇಲೆ ಮಗ್ಗಗಳು ಓಡಿದವು.

ಮಧ್ಯಾಹ್ನ ದೊರೆ ಮೇಸ್ತ್ರಿಯನ್ನು ತಮ್ಮ ಕೋಣೆಗೆ ಕರೆಸಿದರು. ಕೋಣೆಯಲ್ಲಿ ಮೂವರೇ. ದೊರೆ ಕೂಗಾಡಲಿಲ್ಲ. ಕೋಪಕ್ಕಿಂತ ಮನಸ್ಸು ನೊಂದಿತ್ತು ಅನ್ನಿಸುತ್ತದೆ. ನನ್ನ ಮೇಲೆ ಅವರಿಗೆ ಸಂಶಯವೇ ಇರಲಿಲ್ಲ. ನಾನು ಅವರ ಬಾಯಿ, ಅವರ ಕಿವಿ.

"ಆಸ್ಕ್ ಹಿಮ್," ಎಂದರು. "ಡಿಡ್ ಹಿ ಸ್ಪಿಲ್ ದಿ ಬೀನ್ಸ್?"

ಗುಟ್ಟು ಬಿಟ್ಟುಕೊಟ್ಟಿರಾ ಎಂದು ನಾನು ಕೇಳಬೇಕಿತ್ತು. ಕೇಳಿದ್ದರೆ ಮೇಸ್ತ್ರಿ ಇಲ್ಲ ಎನ್ನುತ್ತಿದ್ದರು. ಅವರು ಇಲ್ಲ ಎಂದರೆ ಉಳಿಯುವವನು ನಾನೊಬ್ಬನೇ. ಇಷ್ಟನ್ನು ಯೋಚಿಸಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ದೊರೆಗೆ ನಾನು ಮಾತು ಹುಡುಕುತ್ತಿರುವಂತೆ ಕಂಡಿರಬೇಕು. ನಾನು ನಿಜವಾಗಿಯೂ ಹುಡುಕುತ್ತಿದ್ದೆ.

"ಮೇಸ್ತ್ರಿ, ನೀವು ಅವರೆಕಾಯಿ ಚೆಲ್ಲಿದ್ರಾ ಅಂತ ಕೇಳ್ತಾರೆ," ಅಂದೆ.

ಬೀನ್ಸ್ ಅಂದರೆ ಹುರುಳಿಕಾಯಿ. ಮುದುಕಿಯ ಮುಂದೆ ನಾನು ಅದನ್ನೇ ಹೇಳಿದ್ದೆ. ಅರ್ಥ ಗೊತ್ತಿಲ್ಲದೆ ಪದಕ್ಕೆ ಪದ ಇಟ್ಟೆ ಎಂದು ಯಾರ ಮುಂದೆಯಾದರೂ ವಾದಿಸಬೇಕಾಗಿ ಬಂದರೂ ನನ್ನ ಬಾಯಲ್ಲಿ ಬರಬೇಕಾಗಿದ್ದುದು ಹುರುಳಿಕಾಯಿ. ಅವರೆ ಅಂದೆ. ಚೆಲ್ಲಿದ್ದು ಅವರೆ ಎಂದು ನನಗೆ ಗೊತ್ತಿದ್ದರಿಂದ ಅವರೆ ಅಂದೆ.

ಮೇಸ್ತ್ರಿಯ ಮುಖದಲ್ಲಿ ನಾಚಿಕೆ ಬಂತು. "ಹೂಂ ಸ್ವಾಮಿ, ಚೆಲ್ಲಿದ್ದು ನಾನೇ. ತಪ್ಪಾಯ್ತು ಅಂತ ಹೇಳಪ್ಪ," ಅಂದರು.

"ಹೌದಂತೆ ಸರ್. ತಪ್ಪಾಯಿತು ಅನ್ನುತ್ತಿದ್ದಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ದೊರೆ ಯಾಕೆ ಎಂದು ಕೇಳಿದರು.

"ಯಾಕೆ ತಂದ್ರಿ ಅಂತಾರೆ ಮೇಸ್ತ್ರಿ."

"ನಮ್ಮ ಸಾಲಿನ ಜನಕ್ಕೆ ಕೊಡೋಣ ಅಂತ. ಬೇರೆ ಏನಿಲ್ಲ. ವರ್ಷಾ ವರ್ಷಾ ಕೊಡ್ತೀನಿ, ನಿಂಗೂ ಗೊತ್ತಲ್ಲಪ್ಪ."

"ತನ್ನ ಸಾಲಿನ ಜನಕ್ಕೋಸ್ಕರ ಮಾಡಿದೆ ಅನ್ನುತ್ತಿದ್ದಾರೆ ಸರ್."

ದೊರೆಗೆ ನಾನು ಹೇಳಿದ್ದರಲ್ಲಿ ಒಂದು ಪದವೂ ಸುಳ್ಳಲ್ಲ. ಭಾಷಾಂತರವೆಂದರೆ ಏನೆಂದು ಮೂರು ತಿಂಗಳು ಕಷ್ಟಪಟ್ಟು ಕಲಿತಿದ್ದೆ. ಕಲಿತದ್ದೆಲ್ಲ ಆ ಎರಡು ಉತ್ತರಕ್ಕೆ ಉಪಯೋಗವಾಯಿತು.

ಮೇಸ್ತ್ರಿಯನ್ನು ವಾರದೊಳಗೆ ಕೆಲಸದಿಂದ ತೆಗೆದರು. ಮಗ್ಗದ ವಿಷಯದಲ್ಲಿ ದೊರೆ ಹೇಳಿದ್ದೇ ಕೊನೆ, ಮ್ಯಾನೇಜರು ಮರುಮಾತಾಡಲಿಲ್ಲ. ಕೆಲಸಗಾರರೂ ಅವರ ಪರ ನಿಲ್ಲಲಿಲ್ಲ. ಪಟ್ಟಿಗೆ ಹೆಸರು ಕೊಟ್ಟವನು ಈ ಮೇಸ್ತ್ರಿಯೇ ಎಂದು ಅವರಿಗೆ ಸಿಟ್ಟು. ಎಂಟು ಹೆಸರನ್ನು ಪಟ್ಟಿಯಿಂದ ತೆಗೆಸಿದ್ದೂ ಅವರೇ ಎಂಬುದು ದೊರೆಗೂ ನನಗೂ ಮಾತ್ರ ಗೊತ್ತಿತ್ತು. ಅದನ್ನೂ ನಾನು ಹೇಳಲಿಲ್ಲ.

ಭಾವನಿಗೆ ಎಲ್ಲ ಅರ್ಥವಾಗಿತ್ತು. "ಸುಮ್ನಿರು," ಅಂದ. "ನಿಂದೂ ಹೋದ್ರೆ ಅವರದು ವಾಪಸ್ ಬರುತ್ತಾ?" ಆ ಮಾತನ್ನು ನಾನು ಬಹಳ ವರ್ಷ ಇಟ್ಟುಕೊಂಡೆ. ಬರುತ್ತಿತ್ತು ಎಂದು ನನಗೆ ಅವತ್ತೇ ಗೊತ್ತಿತ್ತು.

ಹದಿನೈದು ದಿನವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮೇಸ್ತ್ರಿ ನಮ್ಮ ಮನೆಗೆ ಬಂದರು. ಅಕ್ಕ ಕಾಫಿ ಕೊಟ್ಟಳು. ಭಾವ ಹಿತ್ತಿಲ ಬಾಗಿಲಿಂದ ಎದ್ದು ಹೋದ.

"ಒಂದು ಅರ್ಜಿ ಬರ್ಕೊಡಪ್ಪ ಇಂಗ್ಲಿಷಲ್ಲಿ," ಅಂದರು. "ಅವರೆಕಾಯಿ ಚೆಲ್ಲಿದ್ದಕ್ಕೆ ಯಾರಾದ್ರೂ ಕೆಲ್ಸದಿಂದ ತೆಗೀತಾರಾ? ಟೋಲ್‌ಗೇಟ್ ಹತ್ರ ಎಲ್ಲಾರೂ ನಗ್ತಾರೆ ಕಣಪ್ಪ, ಬೇರೆ ಏನೋ ಮಾಡಿರ್ತೀಯ ಅಂತಾರೆ. ಮಷೀನು ಹಾಳಾಗಿದ್ರೆ ಹೇಳ್ಲಿ, ರಿಪೇರಿ ಮಾಡ್ಕೊಡ್ತೀನಿ. ಇನ್ಮೇಲೆ ಒಂದು ಕಾಳೂ ಒಳಕ್ಕೆ ತರಲ್ಲ ಅಂತ ಬರಿ."

ಅವರು ಹೇಳಿದ ಹಾಗೇ ಬರೆದಿದ್ದರೆ ಸಾಕಿತ್ತು. ಅವರೆಕಾಯಿ, ಹರಿದ ಮೂಟೆ, ನಿಂತ ಎರಡು ಮಗ್ಗ. ದೊರೆ ಮಂಕನಲ್ಲ, ಮೊದಲ ಸಾಲಿನಲ್ಲೇ ಅವರಿಗೆ ಎಲ್ಲ ಗೊತ್ತಾಗುತ್ತಿತ್ತು. ನಾನು ಪೆನ್ನು ಹಿಡಿದು ಕೂತೆ. ಕೋಣೆಯಲ್ಲಿ ನಡೆದದ್ದು ಒಂದು ಕ್ಷಣದ ಹೆದರಿಕೆ ಎಂದು ಯಾರಾದರೂ ನನ್ನನ್ನು ಕ್ಷಮಿಸಬಹುದು. ಇದಕ್ಕೆ ಹಾಗೆನ್ನಲು ಬರುವುದಿಲ್ಲ. ಅರ್ಧ ಗಂಟೆ ಸಮಯವಿತ್ತು. ಎದುರಿಗೆ ಅವರೇ ಕೂತಿದ್ದರು. ಅಕ್ಷರ ಚೆನ್ನಾಗಿದೆ ಎಂದು ನನ್ನ ಕೈಯನ್ನೇ ನೋಡುತ್ತಿದ್ದರು.

'ನಾನು ಮಾಡಿದ್ದು ತಪ್ಪು. ಇನ್ನು ಮುಂದೆ ಮಾಡುವುದಿಲ್ಲ. ದಯವಿಟ್ಟು ಮನ್ನಿಸಿ ಕೆಲಸ ಕೊಡಬೇಕು' ಎಂದು ಇಂಗ್ಲಿಷಿನಲ್ಲಿ ಬರೆದೆ. ಓದಿ ಹೇಳು ಅಂದರು. ಅವರು ಹೇಳಿದ್ದನ್ನೆಲ್ಲ, ಕಾಳು, ಮೂಟೆ, ರಿಪೇರಿ ಸಮೇತ, ಕಾಗದ ನೋಡಿಕೊಂಡು ಕನ್ನಡದಲ್ಲಿ ಓದಿದೆ. ಅವರು ತಲೆಯಾಡಿಸಿ ಕೆಳಗೆ ನಿಧಾನವಾಗಿ ರುಜು ಹಾಕಿದರು.

ಸೋಮವಾರ ದೊರೆ ಅದನ್ನು ಎರಡು ಸಲ ಓದಿದರು. ಪ್ರಾಮಾಣಿಕ ಮನುಷ್ಯ, ತಪ್ಪು ಒಪ್ಪಿಕೊಳ್ಳುತ್ತಾನೆ, ಆದರೆ ಗುಟ್ಟು ಇಟ್ಟುಕೊಳ್ಳಲಾರದವನನ್ನು ಹೇಗೆ ಇಟ್ಟುಕೊಳ್ಳಲಿ ಎಂದರು. ಮತ್ತೇನಾದರೂ ಹೇಳಿದನೇ ಎಂದು ನನ್ನನ್ನು ಕೇಳಿದರು. ಇಲ್ಲ ಸರ್ ಎಂದೆ. ಅರ್ಜಿ ಡ್ರಾಯರಿನೊಳಗೆ ಹೋಯಿತು.

ದೊರೆ ಒಪ್ಪಂದ ಮುಗಿದು ಊರಿಗೆ ಹೋದರು. ಹೋಗುವಾಗ ನನಗೆ ಒಳ್ಳೆಯ ಸರ್ಟಿಫಿಕೇಟು ಕೊಟ್ಟರು. ಅದನ್ನು ತೋರಿಸಿ ನಾನು ಇನ್ನೂ ಒಳ್ಳೆಯ ಕೆಲಸಕ್ಕೆ ಸೇರಿದೆ. ಮುಂದೆ ಬಸವೇಶ್ವರನಗರದಲ್ಲಿ ಮನೆ ಕಟ್ಟಿದ್ದು ಆ ಕೆಲಸದಿಂದ.

ಮೇಸ್ತ್ರಿಯನ್ನು ಬೇರೆ ಯಾವ ಮಿಲ್ಲೂ ತೆಗೆದುಕೊಳ್ಳಲಿಲ್ಲ. ಸುಂಕದಕಟ್ಟೆಯ ಹತ್ತಿರ ಯಾರದೋ ಶೆಡ್ಡಿನಲ್ಲಿ ನಾಲ್ಕು ಹಳೆಯ ಮಗ್ಗ ನೋಡಿಕೊಳ್ಳುತ್ತಿದ್ದರು. ಆಮೇಲೆ ಅದೂ ನಿಂತು ಹೊಲಕ್ಕೆ ಹೋಗತೊಡಗಿದರು. ಮಾಗಡಿ ರಸ್ತೆಯಲ್ಲಿ ಎರಡು ಮೂರು ಸಲ ಸಿಕ್ಕಿದ್ದರು. ಪ್ರತಿ ಸಲವೂ ಸೈಕಲ್ಲಿನಿಂದ ಇಳಿದು, ಜೊತೆಯಲ್ಲಿದ್ದವರಿಗೆ ನನ್ನನ್ನು ತೋರಿಸುತ್ತಿದ್ದರು. "ನಂಗೆ ಕೆಲ್ಸ ಹೋದಾಗ ಇಡೀ ಮಿಲ್ಲಲ್ಲಿ ನನ್ನ ಪರ ಬರ್ದವನು ಇವನೊಬ್ಬನೇ," ಎನ್ನುತ್ತಿದ್ದರು.

ಒಂದು ಸಲ ಹೇಳಿಬಿಡಬೇಕೆಂದೇ ಹೆಗ್ಗನಹಳ್ಳಿಗೆ ಹೋದೆ. ಜಗಲಿಯಲ್ಲಿ ಕೂರಿಸಿ, ಮನೆಯವರನ್ನೆಲ್ಲ ಕರೆದು ಅದೇ ಮಾತು ಹೇಳಿದರು. ಅವರ ಹೆಂಡತಿ ನನಗೆ ಕೈ ಮುಗಿದರು. ಪಟ್ಟಿಯ ವಿಷಯವನ್ನು ಮೇಸ್ತ್ರಿ ಮನೆಯಲ್ಲೂ ಹೇಳಿಲ್ಲವೆಂದು ಆಕೆಯ ಮಾತಿನಿಂದ ತಿಳಿಯಿತು. ಊಟ ಮಾಡಿಕೊಂಡು ಬಂದೆ. ಅವರು ತೀರಿಕೊಂಡ ಸುದ್ದಿ ನನಗೆ ತಿಳಿಯುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು.

ಇಷ್ಟು ದೂರ ಅವರನ್ನು ಮೇಸ್ತ್ರಿ ಎಂದೇ ಬರೆದೆ. ಬೇರೆಯವರ ಹೆಸರು ಬೇಡ, ಅವರದು ಬೇಕು. ಬಾಯಿ ಸಡಿಲವಿರುವವನು, ಗುಟ್ಟು ಉಳಿಸಿಕೊಳ್ಳಲಾರದವನು ಎಂದು ಮಿಲ್ಲಿನವರು ಇಂಗ್ಲಿಷಿನಲ್ಲಿ ಯಾರ ಮೇಲೆ ಬರೆದಿಟ್ಟರೋ ಅವರು ಆ ಪಟ್ಟಿಯ ವಿಷಯವನ್ನು ಸಾಯುವವರೆಗೂ ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಅವರ ಹೆಸರು ಚಿಕ್ಕರಂಗಯ್ಯ.